ನಾಲ್ಕು ಹಸುವಿನ ಹಾಲು

ವಿಗ್ಗೊ,

ಮಣ್ಣು ಸೇರಿದವನಿಗೆ ಟಪಾಲು ಮುಟ್ಟದು. ಆದರೂ ಹೊಟ್ಟೆ ಉರಿಯುತ್ತಿದೆ, ಹೇಳಿಬಿಡುತ್ತೇನೆ. ಹೆಚ್ಚು ಬೆಲೆಯ ಆಸೆ ತೋರಿಸಿ ನಿನ್ನನ್ನು ನಮ್ಮ ಹಾಲಿನ ಸಂಘದಿಂದ ಸೆಳೆದುಕೊಂಡ ಆ ಕೋಪನ್‌ಹೇಗನ್ ಕಂಪನಿ, ಈಗ ನಿನ್ನ ಹೆಂಡತಿ ಇಂಗರಳ ಹಾಲು ಬೇಡವೆಂದಿದೆ. ನಾಲ್ಕು ಹಸುವಿನ ಹಾಲಿಗೆ ಲಾರಿ ಕಳಿಸಿದರೆ ಪೈಪೋಟಿಯಲ್ಲಿ ಗಿಟ್ಟುವುದಿಲ್ಲವಂತೆ!

ಇವತ್ತು ಅವಳು ಸಂಘದ ಸಭೆಗೆ ಬಂದು, ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಿದಳು.

"ಬಿಟ್ಟು ಹೋದೋರು ಅನುಭವಿಸ್ಲಿ," ಅಂದ ನೂರು ಹಸುವಿನ ಥೋರ್ಕಿಲ್.

ನಾನು ಎದ್ದು ಕೂಗಿದೆ. "ನಾವೂ ಬಾಗಿಲು ಹಾಕೋದಾದ್ರೆ ಸಂಘ ಯಾಕಯ್ಯಾ, ಆ ಕಂಪನಿ ಸಾಲದಾ? ಇಲ್ಲಿ ಹಸುಗಳಿಗೆ ಓಟಿಲ್ಲ, ಮನುಷ್ಯರಿಗೆ ಒಂದೊಂದೇ. ಕೈ ಎತ್ರಿ!"

ಥೋರ್ಕಿಲ್ ಬಿಟ್ಟು ಎಲ್ಲರೂ ಎತ್ತಿದರು.

ಹೊರಗೆ ಇಂಗರ್ ಮೆಲ್ಲಗೆ ಅಂದಳು: "ಆಸ್ಗರ್, ನೀನು ಬಂದು ವಾಪಸ್ ಕರೀತೀಯ ಅಂತ ಅವನು ಕೊನೇತನಕ ಕಾಯ್ತಿದ್ದ."

ಸಂಘಕ್ಕೆ ಹೋಗುವಾಗ ದಿನವೂ ನಿಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದೆನಲ್ಲ, ವಿಗ್ಗೊ.