ಹಾಡದವನ ಕೆಂಪು ಕೋಟು

ಬಿರ್ಕಿನೆಸ್, ಮ್ಯಾನಿಟೋಬಾ
ಮಾರ್ಚ್ ೩, ೧೯೩೮, ಗುರುವಾರ

ನನ್ನ ಕಂದ ಅಸ್ಗೇರ್‌ಗೆ ಅಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಲ್ಬೆರಳು ಹೇಗಿವೆ? ಹೋದ ಕಾಗದದಲ್ಲಿ ‘ಸ್ವಲ್ಪ ಹಿಮ ಹಿಡಿದಿತ್ತು’ ಎಂದು ಬರೆದು ಸುಮ್ಮನಾಗಿದ್ದೀಯೆ. ಸ್ವಲ್ಪ ಎಂದರೆ ಎಷ್ಟು? ಬೆರಳು ಇವೆಯೋ ಹೋದವೋ, ಅಷ್ಟನ್ನಾದರೂ ಹೆತ್ತವಳಿಗೆ ತಿಳಿಸಬಾರದೇ? ಇದರ ಜೊತೆ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟಿದ್ದೇನೆ. ಬೂದು ಬಣ್ಣದ್ದು ಒಳಗೆ, ಕಂದು ಬಣ್ಣದ್ದು ಮೇಲೆ ಹಾಕಿಕೋ. ನಾವು ದೇವರ ದಯೆಯಿಂದ ಚೆನ್ನಾಗಿದ್ದೇವೆ. ನಿನ್ನ ಅಪ್ಪ ಬೆಳಕು ಹರಿಯುವ ಮುಂಚೆಯೇ ಸರೋವರಕ್ಕೆ ಹೋಗಿ ಮಂಜುಗಡ್ಡೆ ಕೊರೆದು ಬಲೆ ಎತ್ತುತ್ತಾರೆ. ಸೊಂಟ ಹಿಡಿದುಕೊಂಡಿದೆ, ಆದರೆ ಕೇಳಿದರೆ ‘ಏನಿಲ್ಲ’ ಎನ್ನುತ್ತಾರೆ. ಆ ‘ಏನಿಲ್ಲ’ ನಿನಗೆ ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.

ಈಸ್ಟರಿನ ಮುಂಚಿನ ವ್ರತದ ದಿನಗಳು ನಿನ್ನೆಯಿಂದ ಶುರುವಾದವು. ಈಗ ಸಿಟ್ಟು ಮಾಡಬಾರದು. ಆದರೆ ಶನಿವಾರದಿಂದ ನನ್ನ ಮೈ ಉರಿಯುತ್ತಿದೆ, ಪ್ರಾರ್ಥನೆಗೆ ಕೂತರೂ ಅದೇ ನೆನಪು. ಕರ್ತನು ಕ್ಷಮಿಸಲಿ, ಬರೆದು ಹಗುರಾಗುತ್ತೇನೆ. ನಮ್ಮ ಚರ್ಚಿನ ಮಹಿಳಾ ಸಂಘದವರು ಸಭಾಂಗಣದಲ್ಲಿ ಒಂದು ಹಾಡಿನ ನಾಟಕ ಆಡಿದರು. ಶಾಲೆಯ ಮಾಸ್ತರರು ಪಟ್ಟಣದಲ್ಲಿ ಸಿನಿಮಾ ನೋಡಿ ಬಂದು ಬರೆದದ್ದು. ನಾಯಕ ಯಾರು ಎಂದುಕೊಂಡೆ? ಕುದುರೆ ಪೊಲೀಸ್. ನಿನ್ನದೇ ಪಡೆಯವನು, ಆದರೆ ಹಾಡುವ ಕುದುರೆ ಪೊಲೀಸ್! ಈಗ ಎಲ್ಲಿ ನೋಡಿದರೂ ಇವನೇ. ಸಿನಿಮಾದಲ್ಲಿ ಇವನು, ರೇಡಿಯೋದಲ್ಲಿ ಇವನು, ದಿನಸಿ ಅಂಗಡಿಯ ಕ್ಯಾಲೆಂಡರಿನಲ್ಲಿ ದೇವದಾರು ಮರದ ಕೆಳಗೆ ಹಲ್ಲು ಬಿಟ್ಟುಕೊಂಡು ನಿಂತವನೂ ಇವನೇ. ಕೋಟಿಗೆ ಒಂದು ಸುಕ್ಕಿಲ್ಲ, ಬೂಟಿಗೆ ಒಂದು ಚೂರು ಕೆಸರಿಲ್ಲ.

ನಾಟಕದಲ್ಲಿ ಕುದುರೆ ಎಂದರೆ ಮರ ಕುಯ್ಯಲು ಆನಿಸುವ ನಾಲ್ಕು ಕಾಲಿನ ಚೌಕಟ್ಟಿನ ಮೇಲೆ ಹೊದಿಸಿದ ಕಂಬಳಿ. ಅದರ ಮೇಲೆ ಕೂತು ಇವನು ಬೆಟ್ಟಕ್ಕೊಂದು ಹಾಡು, ಚಂದ್ರನಿಗೊಂದು ಹಾಡು ಹಾಡುತ್ತಾನೆ. ಕಳ್ಳನಿಗೆ ಕಿವಿ ಇಲ್ಲವೇ? ಮೂರು ಮೈಲಿ ಆಚೆಯಿಂದ ಪೊಲೀಸ್ ಕೂಗಿಕೊಂಡು ಬರುತ್ತಿದ್ದರೆ ಯಾವ ಕಳ್ಳ ಕಾದು ಕೂರುತ್ತಾನೆ? ಈ ಕಳ್ಳ ಕೂತ! ಹಾಡು ಮುಗಿಯುವ ತನಕ ಕೆನ್ನೆಗೆ ಕೈ ಕೊಟ್ಟು ಕೇಳಿ, ಆಮೇಲೆ ತಾನೇ ಎರಡೂ ಕೈ ಮುಂದೆ ಚಾಚಿದ. ಜನ ಚಪ್ಪಾಳೆ ತಟ್ಟಿದರು. ನಿನ್ನ ಅಪ್ಪ ನನ್ನ ಕಿವಿಯಲ್ಲಿ, “ಆ ಉತ್ತರದ ಚಳೀಲಿ ಇಷ್ಟು ಬಾಯಿ ತೆರೆದ್ರೆ ಹಲ್ಲು ಉದುರಿ ಕೈಗೆ ಬರುತ್ತೆ ಕಣೆ” ಎಂದರು. ನನಗೆ ನಗು ಬರಲಿಲ್ಲ. ಬುದ್ಧಿ ಕೆಟ್ಟ ಬೇಟೆಗಾರನೊಬ್ಬನನ್ನು ನಾಯಿಗಾಡಿಯಲ್ಲಿ ಕಟ್ಟಿಕೊಂಡು, ಅವನು ಕಚ್ಚಿದರೂ ಬೈದರೂ ತುತ್ತು ತಿನ್ನಿಸುತ್ತ ನೀನು ಮೂರು ವಾರ ನಡೆದದ್ದು ನನಗೆ ಟಪಾಲು ವಿಮಾನದ ಪೈಲಟ್ ಹೇಳಿದ ಮೇಲೆ ಗೊತ್ತಾಯಿತು. ನೀನು ಬರೆದದ್ದು ಏನು? ‘ಒಬ್ಬ ರೋಗಿಯನ್ನು ಕರೆತಂದೆ. ನಾಯಿಗಳು ಕ್ಷೇಮ.’ ಇದಕ್ಕೆ ಯಾರು ರಾಗ ಹಾಕುತ್ತಾರೆ? ನಿನಗಂತೂ ದೇವರು ಕಂಠ ಕೊಡಲಿಲ್ಲ. ಚರ್ಚಿನಲ್ಲಿ ಪಾದ್ರಿಗಳೇ ‘ನೀನು ಬರಿ ಬಾಯಿ ಆಡಿಸಪ್ಪ’ ಎಂದು ನಿನ್ನನ್ನು ಹಿಂದಿನ ಸಾಲಿಗೆ ಕಳಿಸಿದ್ದರು.

ಇನ್ನು ಮದುವೆಯ ವಿಷಯ ಕೇಳು. ಆ ಹಾಡುಗಾರ ಮೊದಲ ಅಂಕದಲ್ಲಿ ಹುಡುಗಿಯನ್ನು ನೋಡುತ್ತಾನೆ, ಕೊನೆಯ ಅಂಕದಲ್ಲಿ ಉಂಗುರ ತೊಡಿಸುತ್ತಾನೆ. ಆರು ವರ್ಷ ಸೇವೆ ಮುಗಿಯದೆ ಕುದುರೆ ಪೊಲೀಸರು ಮದುವೆಯ ಮಾತೆತ್ತುವಂತಿಲ್ಲ, ಆಮೇಲೂ ಸಾಹೇಬರ ಅನುಮತಿ ಬೇಕು ಎಂದು ಮಾಸ್ತರರಿಗೆ ನಾನೇ ಹೇಳಿದೆ. “ಹಾಗೆ ಬರೆದ್ರೆ ನಾಟಕ ಮುಗಿಯೋದೇ ಇಲ್ಲ ತಾಯೀ” ಎಂದು ನಕ್ಕುಬಿಟ್ಟರು. ಮುಗಿಯುವುದಿಲ್ಲ ಸ್ವಾಮಿ, ನಮ್ಮ ಮನೆಯಲ್ಲಿ ಮುಗಿದಿಲ್ಲವಲ್ಲ!

ಇಷ್ಟು ಸಾಲದೆಂದು ನಿನ್ನ ಕೋಟು ಬೇರೆ ಬೇಕಾಯಿತು ಇವರಿಗೆ. ಬಿಗಿಯಾಯಿತೆಂದು ನೀನು ಬಿಟ್ಟುಹೋದ ಹಳೆಯ ಕೆಂಪು ಕೋಟು ಪೆಟ್ಟಿಗೆಯಲ್ಲಿರುವುದು ಸಂಘದ ಥೋರ್ಡಿಸ್‌ಗೆ ಗೊತ್ತು. “ಸ್ಟೇನುನ್ ಅಕ್ಕಾ, ನುಸಿ ತಿನ್ನೋ ಬದಲು ನಾಲ್ಕು ಜನ ನೋಡ್ಲಿ ಕಣೇ” ಎಂದಳು. “ಅದು ವೇಷ ಅಲ್ಲ, ನನ್ನ ಮಗನ ಮೈಮೇಲಿನ ಬಟ್ಟೆ” ಎಂದು ಬಾಗಿಲು ಹಾಕಿಕೊಂಡೆ. ಮಾರನೆಯ ದಿನ, ನಾನು ಸೊಸೆಯೆಂದೇ ಎಣಿಸಿಕೊಂಡಿರುವ ಸಿಗ್ನಿ ಬಂದಳು. ಹುಡುಗಿಯ ಪಾತ್ರ ಅವಳದು. ನಾನು ಕಾಫಿ ಬಗ್ಗಿಸುತ್ತಿದ್ದೆ, ಅವಳು ಕಾಫಿ ಕುಡಿಯುವಾಗ ಹಲ್ಲಲ್ಲಿ ಕಚ್ಚಿಕೊಳ್ಳುವ ಸಕ್ಕರೆಯ ತುಂಡನ್ನು ಬೆರಳಲ್ಲೇ ತಿರುಗಿಸುತ್ತ ಕೂತಿದ್ದಳು. ಆಮೇಲೆ, “ಕೊಡಿ ಅತ್ತೆ. ಎದುರಿಗೆ ಇರೋದು ಅವರ ಕೋಟಾದ್ರೂ ಆಗಿರ್ಲಿ” ಎಂದಳು. ಪೆಟ್ಟಿಗೆ ತೆಗೆದು ಕೊಟ್ಟೆ.

ಅದನ್ನು ತೊಟ್ಟವನು ಬೆಣ್ಣೆ ಡೈರಿಯ ಗುಮಾಸ್ತ ಲೇಫುರ್. ಅವನ ಮೇಲೆ ಸುಳ್ಳು ಹೇಳಲಾರೆ, ಹುಡುಗ ಒಳ್ಳೆಯವನು, ಧ್ವನಿಯೂ ಚೆನ್ನಾಗಿದೆ. ನನ್ನ ಹೊಟ್ಟೆಯುರಿಗೆ ಅದೇ ಕಾರಣ. ನಿನ್ನ ಕೋಟಿನ ಕತ್ತಿನ ಗುಂಡಿ ಅವನಿಗೆ ಹಾಕಲಾಗಲಿಲ್ಲ, ಬಿಚ್ಚಿಕೊಂಡೇ ಹಾಡಿದ. ಕೊನೆಯಲ್ಲಿ ಸಿಗ್ನಿ ಅವನ ಎದೆಗೆ ತಲೆಯಿಟ್ಟು ‘ನಿನ್ನ ಹಾಡಿಗೆ ಸೋತೆ’ ಎನ್ನಬೇಕು. ತಲೆ ಇಟ್ಟಳು. ಪರದೆಯ ಹಿಂದಿನಿಂದ ಮಾಸ್ತರರು ಆ ಮಾತನ್ನು ಮತ್ತೆ ಮತ್ತೆ ಹೇಳಿಕೊಟ್ಟರು. ಅವಳು ತಲೆ ಎತ್ತಲಿಲ್ಲ, ಆ ಕೆಂಪು ಬಟ್ಟೆಗೆ ಮೂಗು ಒತ್ತಿಕೊಂಡು ನಿಂತೇ ಇದ್ದಳು. ಕರ್ಪೂರ ಎಷ್ಟು ಇಟ್ಟರೂ ನಿನ್ನ ಪೈಪಿನ ತಂಬಾಕಿನ ವಾಸನೆ ಅದರಿಂದ ಹೋಗಿಲ್ಲ ಮಗನೇ, ನಾನೂ ಬಿಸಿಲಿಗೆ ಹಾಕುವಾಗ ಮೂಸಿ ನೋಡಿದ್ದೇನೆ. ಸ್ವಲ್ಪ ಹೊತ್ತಿಗೆ ಅವಳ ಭುಜ ಅಲುಗಿತು, ಬಿಕ್ಕಿದಳು. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು. ಥೋರ್ಡಿಸ್ ನನ್ನ ತೊಡೆಗೆ ಹೊಡೆದು, “ಏನ್ ಅಭಿನಯ ಅಕ್ಕಾ!” ಎಂದಳು. ನಾನು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಇನ್ನು ಸಾಕು. ಬೆಳಗ್ಗೆ ಎದ್ದ ತಕ್ಷಣ ಪ್ರಾರ್ಥನೆ ಮಾಡು, ಹಸಿ ಕಾಲುಚೀಲ ಹಾಕಿಕೊಂಡು ಮಲಗಬೇಡ. ಹಿಮದ ಮೇಲೂ ನೀರಿನ ಮೇಲೂ ನಿನ್ನನ್ನು ಕಾಯುವವನು ನಿದ್ದೆ ಮಾಡುವವನಲ್ಲ. ಅಪ್ಪನೂ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಅವರ ಬಾಯಲ್ಲಿ ಅದು ‘ಹೂಂ, ಬರಿ’ ಅಷ್ಟೆ.

ನಿನ್ನ ದಾರಿ ನೋಡುವ ಅಮ್ಮ,
ಸ್ಟೇನುನ್

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ: ಸೋಮವಾರ ಸಿಗ್ನಿ ಕೋಟನ್ನು ಇಸ್ತ್ರಿ ಮಾಡಿ ತಂದುಕೊಟ್ಟಳು. ಲೇಫುರ್ ಮದುವೆಗೆ ಕೇಳಿದ್ದಾನೆ, ನಿಜವಾಗಿಯೇ. ಈಸ್ಟರಿಗೆ ಉತ್ತರ ಹೇಳುತ್ತೇನೆ ಎಂದಿದ್ದಾಳೆ. “ನನ್ನ ಮಗ?” ಎಂದೆ. “ಕೇಳಿದವರಿಗೆ ತಾನೇ ಅತ್ತೆ, ಉತ್ತರ ಕೊಡೋಕಾಗೋದು?” ಎಂದಳು. ಇಷ್ಟು ವರ್ಷದಲ್ಲಿ ನೀನು ಅವಳನ್ನು ‘ನನಗಾಗಿ ಕಾಯುತ್ತೀಯಾ’ ಎಂದೂ ಕೇಳಿಲ್ಲವಂತೆ! ಅವಳೇ ಕಾದಿದ್ದಾಳೆ. ಜೂನ್‌ಗೆ ನಿನ್ನ ಆರು ವರ್ಷ ಮುಗಿಯುತ್ತದೆ. ಸಾಹೇಬರನ್ನು ಆಮೇಲೆ ಕೇಳು, ಮೊದಲು ಅವಳನ್ನು ಕೇಳು. ಈ ಕಾಗದ ತರುವ ವಿಮಾನ ಅಲ್ಲಿ ಒಂದೇ ಗಂಟೆ ನಿಲ್ಲುತ್ತದೆ, ಮುಂದಿನದು ಬರುವುದು ಈಸ್ಟರ್ ಕಳೆದ ಮೇಲೆ. ನಿನಗೆ ಒಂದು ಸಾಲು ಬರೆಯಲು ಒಂದು ಗಂಟೆ ಸಾಲದೆಂದು ನನಗೆ ಗೊತ್ತು. ಅದಕ್ಕೇ ಪ್ರತಿ ಶನಿವಾರ ಉತ್ತರ ಸೀಮೆಯಲ್ಲಿರುವವರಿಗೆ ಮನೆಯವರ ಸಂದೇಶ ಓದುವ ರೇಡಿಯೋಗೆ ಬರೆದುಹಾಕಿದ್ದೇನೆ: ‘ಅಸ್ಗೇರ್‌ಗೆ ಅಮ್ಮನಿಂದ. ಸಿಗ್ನಿಯನ್ನು ಕೇಳು. ವಿಮಾನ ಬರುವಷ್ಟರಲ್ಲಿ ಬರೆದಿಟ್ಟಿರು.’ ಇದು ಕೈಸೇರುವ ಹೊತ್ತಿಗೆ ಅಲ್ಲಿನ ಪಾದ್ರಿಗಳು, ತುಪ್ಪಳದ ವ್ಯಾಪಾರಿಗಳು, ನಿನ್ನ ಸಾರ್ಜೆಂಟ್, ಎಲ್ಲರೂ ಕೇಳಿರುತ್ತಾರೆ. ನಾಚಿಕೆಯಾದರೆ ಆಗಲಿ. ಕುದುರೆ ಬೇಡ, ಚಂದ್ರ ಬೇಡ, ರಾಗ ಬೇಡ. ಒಂದು ಸಾಲು ಸಾಕು. ಕಾಲ್ಬೆರಳ ಸುದ್ದಿ ಮುಂದಿನ ವಿಮಾನಕ್ಕೆ ಬಂದರೂ ಆದೀತು.