ಅಂಬಾಬಿನ್

೧೨ ಜನವರಿ ೨೦೦೪
ಬೆಳಿಗ್ಗೆಯಿಂದ ಲ್ಯಾಬಿನ ಎಲ್‌ಸಿ-ಎನ್‌ಎಮ್‌ಆರ್ ಯಂತ್ರದ ಮುಂದೆ. ಎರಡನೆಯ ಗಿಡದ ಬೇರಿನ ರಸ, ಹೊಸ ಕಾಲಮ್. ಈ ಸಲ ದ್ರಾವಕದಲ್ಲಿ ನೂರಕ್ಕೆ ಎಪ್ಪತ್ತು ಅಸಿಟೋನೈಟ್ರೈಲ್, ಉಳಿದದ್ದು ನೀರು. ಎಂದಿನಂತೆ ಗ್ರಾಫಿನಲ್ಲಿ ಅಸಿಟೋನೈಟ್ರೈಲ್ ಪೀಕನ್ನೇ ಗುರುತಾಗಿ ೨.೦ಕ್ಕೆ ಕೂರಿಸಿ ಮಿಕ್ಕ ಪೀಕುಗಳನ್ನು ಅದರಿಂದ ಅಳೆದೆ. ಹೋದ ವರ್ಷ ಮೊದಲ ಬೇರಿನಲ್ಲಿ ಸಿಕ್ಕ, ಆಗಲೇ ಹೆಸರಿರುವ ವಸ್ತುವಿನಂತೆಯೇ ಕಾಣುತ್ತದೆ, ಆದರೆ ಒಂದು ಪೀಕೂ ಅದರ ಜಾಗದಲ್ಲಿಲ್ಲ. ಹೊಸದೇ ಇರಬೇಕು... ಥೀಸಿಸ್‌ನ ಕೊನೆಯ ಅಧ್ಯಾಯ ಸಿಕ್ಕಿತು.

ಕಂಡುಹಿಡಿದವರೇ ಹೆಸರಿಡಬಹುದು. ಅಜ್ಜಿ ಅಂಬಾಬಾಯಿ — ಅಂಬಾಬಿನ್. ಮನೆಗೆ ಬಂದವಳೇ ಹೇಳಿದೆ.
‘ನನ್ನ ಹೆಸರು ಪುಸ್ತಕದಾಗ ಬರ್ತದೇನ?’
‘ಬರ್ತದ ಅಜ್ಜಿ.’

೧೫ ಜನವರಿ
ನಮ್ಮ ಬಿಬವೇವಾಡಿ ಭಾಜಿ ಮಂಡಿಗೆಲ್ಲ ಸುದ್ದಿ. ಮೆಂತ್ಯ ಮಾರುವವಳಿಗೆ ಅಜ್ಜಿ, ‘ಮಾಝ್ಯಾ ನಾವಾಚಂ ಔಷಧ ಯೇಣಾರ’ ಅಂದಳಂತೆ, ನನ್ನ ಹೆಸರಿನ ಔಷಧ ಬರುತ್ತದೆ ಅಂತ, ಮರಾಠಿಯಲ್ಲಿ. ಔಷಧ ಅಂತ ನಾನೆಲ್ಲಿ ಹೇಳಿದೆ? ತಿದ್ದಲಿಲ್ಲ. ನನಗೂ ಹಿಗ್ಗು.

೨೩ ಜನವರಿ, ಮಧ್ಯಾಹ್ನ
ಲ್ಯಾಬಿನಲ್ಲಿ ಪಕ್ಕದ ಬೆಂಚಿನ ಅಂಬಾರಾಯ ನನ್ನ ಸ್ಪೆಕ್ಟ್ರಮ್ ಎರಡನ್ನೂ, ಹೋದ ವರ್ಷದ್ದು ಮತ್ತು ಈಗಿನದು, ಜೋಡಿಸಿ ನೋಡಿದ. ‘ಇಂದೂ, ಎಲ್ಲಾ ಪೀಕೂ ಒಂದ ಕಡಿ, ಒಂದ ಅಳತಿ ಸರದಾವ. ವಸ್ತು ಬ್ಯಾರೆ ಇದ್ರ ಹಿಂಗ ಸರೀತಾವೇನು?’

ಸಿಟ್ಟು ಬಂತು. ಊಟದ ಡಬ್ಬಿ ಖಾಲಿಯಾಗುವಷ್ಟರಲ್ಲಿ ಇಳಿಯಿತು. ಈಗ ಬರೀ ಭಯ.

೨೪ ಜನವರಿ
ಹೋದ ವರ್ಷದ್ದನ್ನು ನೂರಕ್ಕೆ ಮೂವತ್ತು ಅಸಿಟೋನೈಟ್ರೈಲ್‌ನಲ್ಲಿ ಅಳೆದಿದ್ದೆ. ಇವತ್ತು ಅದನ್ನೇ ಎಪ್ಪತ್ತರಲ್ಲಿ ಹಾಕಿದೆ. ಪೀಕುಗಳು ನೆಟ್ಟಗೆ ಅಂಬಾಬಿನ್ ಜಾಗಕ್ಕೆ ಬಂದು ಕೂತವು. ಎರಡನ್ನೂ ಬೆರೆಸಿ ಹಾಕಿದೆ — ಒಂದೇ ವಸ್ತು.

ನೀರಿನ ಪಾಲು ಬದಲಾದರೆ ಅಸಿಟೋನೈಟ್ರೈಲ್ ಪೀಕೇ ಸರಿಯುತ್ತದೆ. ನಾನು ಅದನ್ನೇ ಅಲುಗದ ಕಂಬ ಅಂದುಕೊಂಡಿದ್ದೆ. ಹಾಸಿಗೆಯ ಮೇಲೆ ನಿಲ್ಲಿಸಿ ಅಳೆದು, ಮಗು ಬೆಳೆದಿದೆ ಅಂದ ಹಾಗೆ.

ಗೈಡ್ ಅವಧೂತ ಸರ್ ಬೈಯಲಿಲ್ಲ. ಯಾವ ಪಾಲಿಗೆ ಎಷ್ಟು ಸರಿಯುತ್ತದೆ, ಟೇಬಲ್ ಮಾಡು, ಅದೇ ನಿನ್ನ ಅಧ್ಯಾಯ ಅಂದರು. ಥೀಸಿಸ್ ಉಳಿಯಿತು. ಅಜ್ಜಿಗೆ ಏನು ಹೇಳಲಿ?

೨೯ ಜನವರಿ
ಇನ್ನೂ ಹೇಳಿಲ್ಲ. ಟೇಬಲ್ ಚೆನ್ನಾಗಿ ಬರುತ್ತಿದೆ.

೧ ಫೆಬ್ರವರಿ, ಭಾನುವಾರ
ಹೇಳಿಬಿಟ್ಟೆ. ಅಜ್ಜಿ ಮೆಂತ್ಯ ಬಿಡಿಸುತ್ತಿದ್ದಳು.
‘ಅದಕ್ಕ ಮೊದಲಿಂದನ ಹೆಸರು ಅದ ಅಂದಿ?’
‘ಹೌದ ಅಜ್ಜಿ.’
‘ಹಂಗಾರ ಬ್ಯಾಡ. ಒಬ್ಬರು ಇಟ್ಟ ಹೆಸರು ಅಳಿಸಿ ನಂದು ಹಾಕಬ್ಯಾಡ.’

ಅಳು ಬಂತು — ನನಗೆ, ಅವಳಿಗಲ್ಲ. ಕಟ್ಟು ಮುಗಿಸಿ, ‘ಏನಂತ ಇಟ್ಟಾರ?’ ಅಂದಳು. ಉದ್ದನೆಯ ಹೆಸರು. ನಡುವೆ ಉಸಿರು ತೆಗೆದುಕೊಂಡು ಓದಿದೆ. ಪೂರ್ತಿ ಕೇಳಿಸಿಕೊಂಡಳು.
‘ನಂದ ಚಲೋ ಇತ್ತು ಬಿಡು.’

ನಾಳೆ ಐವತ್ತರ ಅಳತೆ. ಅಂಬಾರಾಯನಿಗೆ ಚಹಾ ಕೊಡಿಸಬೇಕು. ಒಳಗಿಂದ ಕರೆಯುತ್ತಿದ್ದಾಳೆ — ‘ಇಂದೂ, ಬಾ, ಅಂಬಾಬಿನ್ ಆರಲಿಕತ್ತದ.’ ಆ ಹೆಸರನ್ನು ಮೆಂತ್ಯ ಪಲ್ಯಕ್ಕೆ ಇಟ್ಟೇಬಿಟ್ಟಳು. ಹೋಗಬೇಕು, ಬಿಸಿ ಇರುವಾಗಲೇ