ಬಣ್ಣ ಹಚ್ಚದ ಬಾಲ

ಜನವರಿ 12, ಸೋಮವಾರ

ಲೇತ್ ಬೆಲ್ಟ್ ಮತ್ತೆ ಸಡಿಲ. ಬಿಗಿ ಮಾಡಿಸಿದೆ. ಅಷ್ಟರಲ್ಲಿ ಬೊಂಬೆ ಏಜೆಂಟ್ ಬೈರೇಶ್ ಬಂದ. ಆರು ದೇಶಗಳ ಯುದ್ಧವಿಮಾನ, ಮರದ ಸೆಟ್ ಬೇಕಂತೆ. ಸಿಕ್ಕರೆ ವರ್ಷವಿಡೀ ಕೆಲಸ. ಸಿಗದಿದ್ದರೆ ಯುಗಾದಿ ಆದಮೇಲೆ ಕಾರ್ಖಾನೆ ಬಾಗಿಲು ಹಾಕಬೇಕು... ಯಾರಿಗೂ ಹೇಳಿಲ್ಲ. ಬೊಂಬೆಗೆ ಬಣ್ಣದ ಅರಗು ಹಚ್ಚುವ ಗುಲ್ಜಾರ್ ಬೀಗೂ ಹೇಳಿಲ್ಲ.

ಅಮೆರಿಕ, ರಷ್ಯಾ, ಚೀನಾ, ಫ್ರಾನ್ಸ್, ಸ್ವೀಡನ್, ಕೊರಿಯಾ.

"ನಮ್ದೆಲ್ಲಪ್ಪಾ?" ಅಂದೆ.

"ಸೆಟ್ ಹೆಸ್ರು 'ಸ್ವಂತ ರೆಕ್ಕೆ' ಕಣಮ್ಮ. ನಮ್ ವಿಮಾನದ ಎಂಜಿನ್ ಅಮೆರಿಕದ್ದು. ಮಾಲು ಕೊಳ್ಳೋ ಪಾರ್ಟಿಯವ್ರು ಬ್ಯಾಡ ಅಂದ್ರು."

ಮೈ ಉರಿಯಿತು. "ಹೆಪ್ಪು ಪಕ್ಕದ್ಮನೇದಾದ್ರೆ ಮೊಸರು ಅವರ್ದಾ? ಹಾಲು ನಮ್ದು, ಮಡಕೆ ನಮ್ದು. ನಮ್ದಿಲ್ದೆ ಒಂದು ರೆಕ್ಕೆನೂ ಈ ಲೇತ್‌ನಿಂದ ಏಳಲ್ಲ."

ತಲೆ ಕೆರೆದುಕೊಂಡ. ಸ್ಯಾಂಪಲ್ ಮಾಡಿಡಿ, ನೋಡೋಣ ಅಂದ. ಗೆದ್ದೆ.

ಜನವರಿ 18, ಭಾನುವಾರ, ಮಧ್ಯಾಹ್ನ

ಮೊಮ್ಮಗಳು ಮಾನ್ಯ ಹಾರೋಹಳ್ಳಿಯಿಂದ ಬಂದಳು. ಅಲ್ಲಿ ಫ್ಯಾಕ್ಟರಿಯಲ್ಲಿ ವಿಮಾನದ ಬಿಡಿಭಾಗ ಅಳೆದು ಪಾಸು-ಫೇಲು ಮಾಡುತ್ತಾಳೆ. ಹೆಪ್ಪಿನ ಮಾತು ಹೇಳಿದೆ. ಮೆಚ್ಚಲಿಲ್ಲ.

"ಹೆಪ್ಪು ಒಂದೇ ಸಲ ಈಸ್ಕೊಳದು ಅಜ್ಜಿ. ನಾಳಿಕ್ಕೆ ನಮ್ ಮೊಸರೇ ಹೆಪ್ಪಾಯ್ತದೆ. ಎಂಜಿನ್ ಹಂಗಲ್ಲ. ಒಂದೊಂದು ವಿಮಾನಕ್ಕೂ ಅವರ ಬಾಗ್ಲು ತಟ್ಬೇಕು. ಅವ್ರು ಲೇಟ್ ಮಾಡಿದ್ರೆ ನಮ್ದು ಶೆಡ್ಡಲ್ಲೇ."

ಗುಲ್ಜಾರ್ ಬೀ ಸೆರಗು ಬಾಯಿಗಿಟ್ಟು ನಕ್ಕಳು. "ಯಾ ಅಲ್ಲಾ! ಕೃಷ್ಣಮ್ಮಂಗೆ ಉತ್ರ ಕೊಡೋಳು ಹುಟ್ಟವ್ಳೆ!"

ನಿನ್ನ ಕೆಲಸ ನೋಡು ಅಂದೆ. ಮಾನ್ಯಳಿಗೆ ಊಟ ಬಡಿಸಿದೆ. ಮೊಸರು ಬಡಿಸಲಿಲ್ಲ.

ಜನವರಿ 25, ಭಾನುವಾರ

ಮಾನ್ಯ ವಾರವೆಲ್ಲ ಫೋನ್ ಮಾಡಿರಲಿಲ್ಲ. ಇವತ್ತು ಬಂದಾಗ ನಾನೇ ಕೇಳಿದೆ. ಸ್ವೀಡನ್ನಿನದು? ಎಂಜಿನ್ ಅಮೆರಿಕದ ತಳಿಯೇ ಅಂತೆ. ಕೊರಿಯಾದ್ದು? ಅದೂ. ಆದರೂ ಅವರು ಪಟ್ಟಿಯಲ್ಲಿ! ಚೀನಾ?

"ಮೊನ್ನೆ ಮೊನ್ನೆಗಂಟ ರಷ್ಯಾದ್ದು ಹಾಕ್ತಿದ್ರು. ಈಗ ಸ್ವಂತದ್ದು ಮಾಡ್ಕೊಂಡವ್ರೆ."

ನಮ್ಮವರೂ ಎಷ್ಟೋ ವರ್ಷಗಳಿಂದ ಮಾಡುತ್ತಲೇ ಇದ್ದಾರಂತೆ. ಎಂಜಿನ್ನಿನೊಳಗಿನ ಬಿಸಿ ತಡೆಯುವ ಲೋಹ ಪಳಗಿಸುವುದೇ ಕಷ್ಟವಂತೆ. ಮುಂದೆ ಪೈಲಟ್ಟೇ ಇಲ್ಲದ ಫೈಟರ್ ಬರುತ್ತವಂತೆ.

"ತಲೆ ಇಲ್ದಿರೋ ಬೊಂಬೆಯಾ?" ಅಂದಳು ಗುಲ್ಜಾರ್ ಬೀ.

"ತಲೆ ಇಲ್ದಿದ್ರೂ ಹಾರ್ತದೆ ಬೀ. ಎಂಜಿನ್ ಇಲ್ದೆ ಹಾರಲ್ಲ."

ಸರಿ. ಸುಳ್ಳು ಹೇಳುವುದಿಲ್ಲ. ತಲೆಯೂ ತಗ್ಗಿಸುವುದಿಲ್ಲ.

ನಮ್ಮ ವಿಮಾನ ಲೇತಿಗೆ ಹಾಕಿಸಿದೆ. ಮೂತಿಯಿಂದ ಅರಗು ಒತ್ತುತ್ತಾ ಬಂದು, ಎಂಜಿನ್ ಇರುವ ಬಾಲದ ಹತ್ತಿರ ಕೈ ತೆಗೆ ಅಂತ ಗುಲ್ಜಾರ್ ಬೀಗೆ ಅಂದೆ. ಬಾಲ ಬರೀ ಬಿಳಿ ಮರ. ಲೇತ್ ಹಿಡಿಯುವ ತುದಿಯ ಮೊಟಕನ್ನೂ ಕತ್ತರಿಸಬೇಡ ಅಂದೆ.

"ಮೊಟಕು ಬುಟ್ರೆ ಗಿರಾಕಿ ಉಗೀತಾನೆ!"

"ಕತ್ತರಿಸಿದ್ರೆ ಇನ್ನೊಂದ್ಸಲ ಲೇತ್ ಏರಲ್ಲ. ಇದು ಏರ್ಬೇಕು ಬೀ. ಎಂಜಿನ್ ನಮ್ದಾದ ದಿನ ಬಾಲಕ್ಕೆ ಬಣ್ಣ."

ಸ್ವೀಡನ್, ಕೊರಿಯಾಕ್ಕೂ ಹಾಗೇ. ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ — ನಮ್ಮಲ್ಲಿಲ್ಲ.

ಫೆಬ್ರವರಿ 6, ಶುಕ್ರವಾರ

ಬೈರೇಶ್ ಬಾಲ ನೋಡಿ ಮುಖ ಸಿಂಡರಿಸಿದ. "ಅಮ್ಮಾ, ಅರ್ಧಂಬರ್ಧ ಮಾಲು ಇದು. ನಮ್ದು ತೆಗ್ದಾಕಿ. ಮಿಕ್ಕಿದ್ದಕ್ಕೆಲ್ಲ ಬಣ್ಣ ಹಚ್ಚಿ. ಆರ್ಡರ್ ಇವತ್ತೇ ನಿಮ್ದು."

"ಅರ್ಧಂಬರ್ಧ ಅಲ್ಲ. ಎಷ್ಟಾಗೈತೋ ಅಷ್ಟು ತೋರಿಸ್ತೈತೆ."

"ಹಟ ಬ್ಯಾಡಿ."

"ಹಟವೇ ಕಣಪ್ಪ. ನಡಿ."

ಹೋದ. ಆರ್ಡರ್ ಹೋಯಿತು.

ಬಾಗಿಲು ಹಾಕುವ ವಿಷಯ ಗುಲ್ಜಾರ್ ಬೀಗೆ ಹೇಳಲೇಬೇಕಾಯಿತು. "ಗೊತ್ತಿತ್ತು ಬುಡು. ಅರಗು ಒಸಿ ಒಸಿನೇ ತರಿಸ್ತಿದ್ದೆಯಲ್ಲ" ಅಂದಳು. ಹೋಗಿ ಲೇತ್ ಸ್ವಿಚ್ ಹಾಕಿದಳು.

ಫೆಬ್ರವರಿ 15, ಭಾನುವಾರ, ಸಂಜೆ

ಹೈವೇ ಪಕ್ಕ ನಮ್ಮದೇ ಮೇಜು. ಏಳೂ ವಿಮಾನ. ಬೆಳಗಿನಿಂದ ಎತ್ತಿ ನೋಡಿದವರೆಲ್ಲ ವಾಪಸಿಟ್ಟರು.

ನಾಲ್ಕು ಗಂಟೆಗೆ ಕಾರಿನೊಳಗಿಂದಲೇ ಒಬ್ಬ, "ಏನಮ್ಮಾ, ಬಣ್ಣ ಖಾಲಿಯಾಯ್ತಾ?" ಅಂತ ನಗಾಡಿದ.

"ಬಣ್ಣ ಐತೆ. ಎಂಜಿನ್ ಬರ್ಬೇಕು" ಅಂದೆ.

ನಗು ನಿಂತಿತು. ಇಳಿದು ಬಂದ. ಸ್ಟೂಲ್ ಮೇಲೆ ಕೂರಿಸಿ ಚೀನಾದ್ದು ಕೈಗೆ ಕೊಟ್ಟೆ. "ಇಪ್ಪತ್ತು ವರ್ಷದ ಹಿಂದೆ ಮಾಡಿದ್ರೆ ಇದ್ರ ಬಾಲನೂ ಬಿಳೀನೇ" ಅಂತ ಶುರುಮಾಡಿ ಎಲ್ಲವನ್ನೂ ಹೇಳಿದೆ. ಕೊನೆಗೆ ನಮ್ಮದನ್ನೇ ಆರಿಸಿಕೊಂಡ. ಮೊಟಕು ಸವರುತ್ತಾ ಕೇಳಿದ — "ಬಾಲಕ್ಕೆ ಬಣ್ಣ ಹಾಕಿಸೋಕೆ ಎಲ್ಲಿಗೆ ತರ್ಬೇಕು?"

"ಇಲ್ಲಿಗೇ. ನಾನಿಲ್ದಿದ್ರೆ ಮಾನ್ಯ ಅಂತ ಕೇಳಿ."

ಹೇಳಿಬಿಟ್ಟೆ. ಇನ್ನು ಬಾಗಿಲು ಹಾಕುವುದು ಹೇಗೆ? ಇನ್ನೊಂದು ಕಾರು ನಿಲ್ಲುತ್ತಿದೆ. ಇವನೂ ಬಾಲವನ್ನೇ —